ಮನೆಯ ಸರ್ವರ್ ತೆವಳುವುದೇಕೆ?

ಹಳೆಯ ಕ್ಯಾಸೆಟ್ಟುಗಳಿಂದ ಗಣಕಕ್ಕೆ ಇಳಿಸಿಕೊಂಡ ತಾಳಮದ್ದಳೆ, ಅಜ್ಜನ ಕೈಬರಹದ ಪ್ರಸಂಗ ಪುಸ್ತಕದ ಸ್ಕ್ಯಾನ್ ಪ್ರತಿ, ಮಕ್ಕಳ ಕನ್ನಡ ಮಾಧ್ಯಮದ ಪಾಠಪುಸ್ತಕ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಮದುವೆ ಮುಂಜಿಗಳ ಚಿತ್ರ, ಜಾಗದ ಆಧಾರಪತ್ರ, ಹೀಗೆ ಮನೆಯ ಭಂಡಾರವು ಕಪಾಟಿನಿಂದ ಹಾರ್ಡ್ ಡಿಸ್ಕಿಗೆ ಸರಿಯುತ್ತಿದೆ. ಒಂದೊಂದು ಫೋನಿನಲ್ಲಿ ಒಂದೊಂದು ತುಣುಕು ಚದುರಿ ಉಳಿಯುವ ಬದಲು ಎಲ್ಲವೂ ಒಂದೆಡೆ ಇರಲೆಂದು ಕೆಲವು ಕುಟುಂಬಗಳು ಮನೆಯಲ್ಲೇ ಒಂದು ಸಂಗ್ರಹ ಸರ್ವರನ್ನು ಇಟ್ಟುಕೊಳ್ಳುತ್ತವೆ. ಅದು ಅಂಗಡಿಯಿಂದ ತಂದ ಎರಡು ಡಿಸ್ಕಿನ ಸಣ್ಣ ಪೆಟ್ಟಿಗೆಯಾಗಿರಬಹುದು. ಮೂಲೆ ಸೇರಿದ್ದ ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿ, ಸಾಂಬಾ ಎಂಬ ಉಚಿತ ತಂತ್ರಾಂಶದ ಮೂಲಕ ಮನೆಮಂದಿಗೆಲ್ಲ ತೆರೆದಿಟ್ಟದ್ದೂ ಆಗಿರಬಹುದು.

ಇಂತಹ ಸರ್ವರಿನ ಬಗ್ಗೆ ಮನೆಯಲ್ಲಿ ಕೇಳಿಬರುವ ಮೊದಲ ದೂರು ಒಂದೇ: ಅದು ತೆವಳುತ್ತದೆ. ದೂರು ಸಣ್ಣದೆಂದು ತೋರಿದರೂ ಅದರ ಪರಿಣಾಮ ಸಣ್ಣದಲ್ಲ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ನಕಲು ಐದು ಗಂಟೆ ಹಿಡಿದರೆ, ಎರಡನೆಯ ಬಾರಿ ಆ ಕೆಲಸಕ್ಕೆ ಕೈಹಾಕುವವರಿಲ್ಲ. "ಬರುವ ಭಾನುವಾರ ನೋಡೋಣ" ಎನ್ನುತ್ತ ಮೀಸಲು ಪ್ರತಿ ತೆಗೆಯುವುದು ಮುಂದೆ ಹೋಗುತ್ತದೆ. ಫೋನಿನಲ್ಲಿದ್ದದ್ದು ಫೋನಿನಲ್ಲೇ ಉಳಿದು ಅದರೊಂದಿಗೇ ಕಳೆದುಹೋಗುತ್ತದೆ. ಡಿಸ್ಕು ಒಂದು ದಿನ ನಿಂತಾಗ ಹೋಗುವುದು ಯಂತ್ರವಲ್ಲ. ಇನ್ನೆಲ್ಲೂ ಪ್ರತಿಯಿಲ್ಲದ ದನಿ, ಬರಹ, ಚಿತ್ರ. ಆದುದರಿಂದ ಸರ್ವರಿನ ನಿಧಾನವನ್ನು ಸಹಿಸಿಕೊಳ್ಳುವುದು ಜಾಣತನವಲ್ಲ. ಅಳತೆಯಿಲ್ಲದೆ ಹಣ ಸುರಿಯುವುದೂ ಜಾಣತನವಲ್ಲ. ನಿಧಾನ ಎಲ್ಲಿದೆ ಎಂಬುದನ್ನು ಮೊದಲು ಪತ್ತೆಹಚ್ಚಬೇಕು; ರಿಪೇರಿ ಆಮೇಲೆ.

ಹಣ ವ್ಯರ್ಥವಾಗುವ ಮೊದಲ ಸ್ಥಳ ಇಂಟರ್ನೆಟ್ ಯೋಜನೆ. ಸರ್ವರ್ ನಿಧಾನವಾದೊಡನೆ ತಿಂಗಳ ಯೋಜನೆಯನ್ನು 50 ಮೆಗಾಬಿಟ್ಟಿನಿಂದ 200 ಮೆಗಾಬಿಟ್ಟಿಗೆ ಏರಿಸುವವರಿದ್ದಾರೆ. ಮನೆಯೊಳಗಿನ ಗಣಕದಿಂದ ಮನೆಯೊಳಗಿನ ಸರ್ವರಿಗೆ ಹೋಗುವ ಕಡತ ಇಂಟರ್ನೆಟ್ಟಿಗೆ ಇಳಿಯುವುದೇ ಇಲ್ಲ. ಅದು ಚಾವಡಿಯಿಂದ ಅಡುಗೆಮನೆಗೆ ಹೋಗುವ ದಾರಿ. ಹೊರಗಿನ ಮಾರ್ಗವನ್ನು ಅಗಲ ಮಾಡಿದರೆ ಆ ದಾರಿ ಅಗಲವಾಗದು. ಹೊರಗಿನ ಸಂಪರ್ಕ ಪೂರ್ತಿ ಕಡಿದುಹೋದ ದಿನವೂ ಮನೆಯ ಸರ್ವರ್ ಎಂದಿನ ವೇಗದಲ್ಲಿ ಕೆಲಸ ಮಾಡಬೇಕು. ಪರವೂರಿನಲ್ಲಿರುವ ಮಗನೋ ಮಗಳೋ ಮನೆಯ ಸರ್ವರನ್ನು ದೂರದಿಂದ ತೆರೆಯುವಾಗ ಮಾತ್ರ ಯೋಜನೆಯ ವೇಗ ಲೆಕ್ಕಕ್ಕೆ ಬರುತ್ತದೆ. ಆಗಲೂ ಮುಖ್ಯವಾಗುವುದು ಜಾಹೀರಾತಿನ ದೊಡ್ಡ ಅಕ್ಷರದ ಇಳಿಕೆ ವೇಗವಲ್ಲ, ಮನೆಯಿಂದ ಹೊರಹೋಗುವ ಏರಿಕೆ ವೇಗ.

ಎರಡನೆಯ ಗೊಂದಲ ಅಳತೆಯ ಮಾನದಲ್ಲಿದೆ. ಜಾಲದ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನೂ ನಕಲಿನ ವೇಗವನ್ನೂ ಗಣಕ ಬೈಟುಗಳಲ್ಲಿ ತೋರಿಸುತ್ತದೆ. 8 ಬಿಟ್ಟುಗಳು ಸೇರಿದರೆ 1 ಬೈಟು. ಹಾಗಾಗಿ ಸೆಕೆಂಡಿಗೆ 100 ಮೆಗಾಬಿಟ್ಟಿನ ಜಾಲವೆಂದರೆ 12.5 ಮೆಗಾಬೈಟು ಮಾತ್ರ. 1000 ಮೆಗಾಬಿಟ್, ಅಂದರೆ 1 ಗಿಗಾಬಿಟ್ಟಿನ ಜಾಲವೆಂದರೆ 125 ಮೆಗಾಬೈಟು. ಸಾಗುವ ಮಾಹಿತಿಯ ಮೇಲೆ ವಿಳಾಸ, ಪರಿಶೀಲನೆ ಮುಂತಾದ ಮೇಲ್ಬರಹವೂ ಕೂಡುವುದರಿಂದ ಕೈಗೆ ಸಿಗುವುದು ಕ್ರಮವಾಗಿ ಸುಮಾರು 11 ಮತ್ತು 110 ಮೆಗಾಬೈಟು. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟರೆ ಅರ್ಧ ರೋಗನಿದಾನ ಮುಗಿದಂತೆ.

ಇದನ್ನು ಮನೆಯ ಸರಕಿನ ಮೇಲೆಯೇ ಲೆಕ್ಕ ಹಾಕಬಹುದು. ಪಾರ್ತಿಸುಬ್ಬನ 'ಪಂಚವಟಿ' ಪ್ರಸಂಗದ ತಾಳಮದ್ದಳೆಯೊಂದನ್ನು ತಲಾ ಒಂದು ಗಂಟೆಯ ಎಂಟು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದಾರೆ ಎನ್ನೋಣ. ಸಿ.ಡಿ. ಗುಣಮಟ್ಟದಲ್ಲಿ, ಕುಗ್ಗಿಸದೆ ಗಣಕಕ್ಕೆ ಇಳಿಸಿದರೆ ಸೆಕೆಂಡಿಗೆ 1,76,400 ಬೈಟು, ಗಂಟೆಗೆ ಸುಮಾರು 635 ಮೆಗಾಬೈಟು, ಒಂದು ರಾತ್ರಿಯ ಕೂಟಕ್ಕೆ ಸುಮಾರು 5 ಗಿಗಾಬೈಟು. ಇಂತಹ 40 ಕೂಟಗಳಿದ್ದರೆ 200 ಗಿಗಾಬೈಟು. ಇದು ಸೆಕೆಂಡಿಗೆ 110 ಮೆಗಾಬೈಟಿನಂತೆ ಸಾಗಿದರೆ ಅರ್ಧ ಗಂಟೆಯಲ್ಲಿ ಸರ್ವರ್ ಸೇರುತ್ತದೆ. 11 ಮೆಗಾಬೈಟಿನಂತೆ ಸಾಗಿದರೆ ಐದು ಗಂಟೆ. ಎರಡು ಗೋಡೆಯಾಚೆಯ ದುರ್ಬಲ ವೈಫೈಯಲ್ಲಿ 3 ಮೆಗಾಬೈಟಿನಂತೆ ತೆವಳಿದರೆ ಹದಿನೆಂಟು ಗಂಟೆಗಿಂತ ಹೆಚ್ಚು. ನಡುವೆ ಒಮ್ಮೆ ಕರೆಂಟು ಹೋದರೆ ನಕಲು ಅರ್ಧಕ್ಕೇ ನಿಂತೀತು.

ಕಡತವೊಂದು ಗಣಕದಿಂದ ಸರ್ವರಿಗೆ ಹೋಗುವ ದಾರಿಯಲ್ಲಿ ಹಲವು ಕಟ್ಟೆಗಳಿವೆ: ಗಣಕದ ಡಿಸ್ಕು, ಅದರ ವೈಫೈ ಅಥವಾ ಕೇಬಲ್, ರೂಟರ್, ರೂಟರಿನಿಂದ ಸರ್ವರಿಗೆ ಹೋದ ಕೇಬಲ್, ಸರ್ವರಿನ ಪೋರ್ಟು, ಅದರ ಪ್ರೊಸೆಸರ್, ಕೊನೆಗೆ ಅದರ ಡಿಸ್ಕು. ಇವುಗಳಲ್ಲಿ ಎಲ್ಲಕ್ಕಿಂತ ನಿಧಾನವಾದದ್ದು ಯಾವುದೋ ಅದರ ವೇಗವೇ ಇಡೀ ದಾರಿಯ ವೇಗ. ಉಳಿದ ಆರನ್ನು ಎಷ್ಟು ಚುರುಕುಗೊಳಿಸಿದರೂ ಪ್ರಯೋಜನವಿಲ್ಲ. ತೋಟದ ಪೈಪು ಒಂದು ಕಡೆ ಮಡಚಿಕೊಂಡಾಗ ಪಂಪನ್ನು ಬದಲಿಸುವವರಿಲ್ಲ; ಮಡಚಿದ ಜಾಗವನ್ನು ಹುಡುಕುತ್ತಾರೆ. ಇಲ್ಲಿಯೂ ಅದೇ ಕ್ರಮ. ಒಂದು ಬಾರಿಗೆ ಒಂದನ್ನೇ ಬದಲಿಸಿ ಅಳೆಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮೊದಲನೆಯ ಪರೀಕ್ಷೆ ಕಡತದ್ದೇ. ಸಾವಿರಾರು ಸಣ್ಣ ಚಿತ್ರಗಳಿರುವ ಕೋಶವನ್ನು ನಕಲಿಸಿ ವೇಗ ಅಳೆದರೆ ಲೆಕ್ಕ ದಾರಿ ತಪ್ಪುತ್ತದೆ. ಪ್ರತಿಯೊಂದು ಕಡತಕ್ಕೂ ಗಣಕ ಮತ್ತು ಸರ್ವರ್ ತಮ್ಮೊಳಗೆ ಮಾತಾಡಿಕೊಳ್ಳಬೇಕು: ಹೆಸರು ಹೇಳು, ಅನುಮತಿ ನೋಡು, ತೆರೆ, ಬರೆ, ಮುಚ್ಚು. ಅಡಿಕೆಯನ್ನು ಗೋಣಿಗಟ್ಟಲೆ ಹೊರುವುದಕ್ಕೂ, ಒಂದೊಂದೇ ಅಡಿಕೆಯನ್ನು ಒಯ್ದು ಪುಸ್ತಕದಲ್ಲಿ ಬರೆದಿಟ್ಟು ಬರುವುದಕ್ಕೂ ಇರುವ ವ್ಯತ್ಯಾಸ ಇದು. ಆದುದರಿಂದ ಮೂರು ನಾಲ್ಕು ಗಿಗಾಬೈಟಿನ ಒಂದೇ ದೊಡ್ಡ ವಿಡಿಯೊ ಕಡತವನ್ನು ನಕಲಿಸಿ ನೋಡಬೇಕು. ದೊಡ್ಡ ಕಡತ ವೇಗವಾಗಿ ಹೋಗಿ ಸಣ್ಣವು ಮಾತ್ರ ತೆವಳಿದರೆ ಜಾಲದಲ್ಲಿ ದೋಷವಿಲ್ಲ. ಸಣ್ಣ ಕಡತಗಳನ್ನು ಒಂದು ಜಿಪ್ ಕಡತವಾಗಿ ಕಟ್ಟಿ ಕಳುಹಿಸಿದರೆ ಸಾಕು. ಇನ್ನೊಂದು ಎಚ್ಚರವೂ ಬೇಕು. ಸರ್ವರಿನಿಂದ ಒಂದೇ ಕಡತವನ್ನು ಎರಡನೆಯ ಬಾರಿ ಓದಿದಾಗ ಅದು ಡಿಸ್ಕಿನಿಂದ ಬಾರದೆ ಗಣಕದ ಸ್ಮೃತಿಯಿಂದಲೇ ಬರಬಹುದು. ಹಾಗಾಗಿ ಪ್ರತಿ ಬಾರಿಯೂ ಬೇರೆ ಕಡತವನ್ನು ಆರಿಸುವುದು ಲೇಸು.

ಎರಡನೆಯ ಪರೀಕ್ಷೆಯಲ್ಲಿ ವೈಫೈಯನ್ನು ದಾರಿಯಿಂದ ತೆಗೆಯಬೇಕು. ಗಣಕವನ್ನು ರೂಟರಿನ ಬಳಿಗೆ ಒಯ್ದು ಕೇಬಲ್ ಸಿಕ್ಕಿಸಿ ಅದೇ ಗಾತ್ರದ ಕಡತವನ್ನು ನಕಲಿಸಬೇಕು. ವೇಗ ಹಲವು ಪಟ್ಟು ಏರಿದರೆ ಅಪರಾಧಿ ಗಾಳಿಯಲ್ಲಿದ್ದಾನೆ. ವೈಫೈಯ ತರಂಗವನ್ನು ಮನೆಯ ಎಲ್ಲ ಸಾಧನಗಳೂ ಹಂಚಿಕೊಳ್ಳುತ್ತವೆ. ಒಂದು ಮಾತಾಡುವಾಗ ಇನ್ನೊಂದು ಕಾಯಬೇಕು. ಗಣಕವೂ ಸರ್ವರೂ ಒಂದೇ ವೈಫೈಯಲ್ಲಿದ್ದರೆ ಅದೇ ಮಾಹಿತಿ ಎರಡು ಬಾರಿ ಗಾಳಿ ದಾಟಬೇಕಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಾಗಿ ಮನೆಯಲ್ಲಿ ಬೇರೆ ಯಾವುದಕ್ಕೂ ಕೇಬಲ್ ಇರದಿದ್ದರೂ ಸರ್ವರಿಗೆ ಮಾತ್ರ ಕೇಬಲ್ ಇರಲೇಬೇಕು. 2.4 ಗಿಗಾಹರ್ಟ್ಸಿನ ತರಂಗ ದೂರ ಹೋಗುತ್ತದೆ, ಆದರೆ ನಿಧಾನ. ನೆರೆಮನೆಯ ರೂಟರುಗಳ ಗಲಾಟೆಯೂ ಅಲ್ಲಿಯೇ ಹೆಚ್ಚು. 5 ಗಿಗಾಹರ್ಟ್ಸಿನದು ವೇಗ, ಆದರೆ ಗೋಡೆ ದಾಟಲು ಹೆಚ್ಚು ತಿಣುಕುತ್ತದೆ. ಕಾಸರಗೋಡು ಸೀಮೆಯ ದಪ್ಪ ಮುರಕಲ್ಲಿನ ಗೋಡೆಯೂ ಕಾಂಕ್ರೀಟಿನ ತಾರಸಿಯೂ ಈ ತರಂಗಗಳಿಗೆ ಸುಲಭದ ತಡೆಗಳಲ್ಲ. ರೂಟರನ್ನು ಮೂಲೆಯ ಕಬ್ಬಿಣದ ಕಪಾಟಿನ ಹಿಂದಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡುವುದಕ್ಕೆ ಖರ್ಚಿಲ್ಲ.

ಕೇಬಲಿನಲ್ಲಿಯೂ ವೇಗ 11 ಮೆಗಾಬೈಟಿನ ಆಸುಪಾಸಿನಲ್ಲಿ ಗೆರೆ ಎಳೆದಂತೆ ನಿಂತರೆ, ಆ ಸಂಖ್ಯೆಯೇ ಸಾಕ್ಷಿ. ಎಲ್ಲೋ ಒಂದು ಕಡೆ ಸಂಪರ್ಕವು ಗಿಗಾಬಿಟ್ಟಿನ ಬದಲು 100 ಮೆಗಾಬಿಟ್ಟಿಗೆ ಇಳಿದಿದೆ. ಮೂರನೆಯ ಪರೀಕ್ಷೆ ಇದನ್ನು ಕಣ್ಣಾರೆ ನೋಡುವುದು. ಉಬುಂಟುವಿನಲ್ಲಿ ಸೆಟ್ಟಿಂಗ್ಸಿನ ನೆಟ್‌ವರ್ಕ್ ಪುಟ, ವಿಂಡೋಸಿನಲ್ಲಿ ಈಥರ್ನೆಟ್ಟಿನ ಸ್ಥಿತಿಪುಟ, ಪೆಟ್ಟಿಗೆ ಸರ್ವರಿನಲ್ಲಿ ಅದರದೇ ನಿಯಂತ್ರಣ ಪುಟ ಸಂಪರ್ಕದ ವೇಗವನ್ನು ತೋರಿಸುತ್ತವೆ. ಗಣಕದ ಕಡೆಯನ್ನೂ ಸರ್ವರಿನ ಕಡೆಯನ್ನೂ ಎರಡನ್ನೂ ನೋಡಬೇಕು.

100 ಎಂದು ಕಂಡರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಒಂದನೆಯದು ಕೇಬಲ್. ಈಥರ್ನೆಟ್ ಕೇಬಲಿನೊಳಗೆ ಜೋಡಿ ಜೋಡಿಯಾಗಿ ಹೆಣೆದ ಎಂಟು ತಂತಿಗಳಿವೆ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ತುಂಡಾದರೆ, ತುದಿಯ ಕನೆಕ್ಟರಿನಲ್ಲಿ ಒಂದು ತಂತಿ ಸರಿಯಾಗಿ ಕಚ್ಚದಿದ್ದರೆ, ಸಂಪರ್ಕ ಪೂರ್ತಿ ಸಾಯದೆ ಹಲವು ಸಾಧನಗಳಲ್ಲಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೀಪ ಮಿನುಗುತ್ತಲೇ ಇರುತ್ತದೆ, ಇಂಟರ್ನೆಟ್ ಬರುತ್ತಲೇ ಇರುತ್ತದೆ. ಹಾಗಾಗಿ ಯಾರಿಗೂ ಸಂಶಯ ಹುಟ್ಟದು. ಮಾಡಿನ ಅಡಿಯಲ್ಲಿ ಎಳೆದ ಕೇಬಲನ್ನು ಇಲಿ ಕಡಿದಿರಬಹುದು; ಮಳೆಗಾಲದ ತೇವಕ್ಕೆ ಕನೆಕ್ಟರಿನ ಲೋಹ ಕಿಲುಬು ಹಿಡಿದಿರಬಹುದು; ಬಾಗಿಲ ಸಂದಿನಲ್ಲಿ ಸಿಕ್ಕಿ ತಂತಿ ನುಗ್ಗಾಗಿರಬಹುದು. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್ ಬೇಗ ಮುರಿಯುತ್ತದೆ. ಶುದ್ಧ ತಾಮ್ರದ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಕೇಬಲ್ 100 ಮೀಟರಿನವರೆಗೆ ಗಿಗಾಬಿಟ್ಟನ್ನು ಒಯ್ಯಬಲ್ಲುದು. ಕೇಬಲಿನ ಸಿಪ್ಪೆಯ ಮೇಲೆ ಈ ಹೆಸರು ಅಚ್ಚಾಗಿರುತ್ತದೆ.

ಎರಡನೆಯ ಕಾರಣ ಪೋರ್ಟು. ಇಂಟರ್ನೆಟ್ ಕೊಡುವವರು ಮನೆಯಲ್ಲಿಟ್ಟು ಹೋಗುವ ಫೈಬರ್ ಪೆಟ್ಟಿಗೆಗಳಲ್ಲಿ ನಾಲ್ಕು ಪೋರ್ಟುಗಳಿದ್ದರೂ ಕೆಲವು ಮಾದರಿಗಳಲ್ಲಿ ಒಂದು ಮಾತ್ರ ಗಿಗಾಬಿಟ್ಟಿನದು, ಉಳಿದವು 100ರವು. ಗಣಕ ಒಂದರಲ್ಲಿ, ಸರ್ವರ್ ಮತ್ತೊಂದರಲ್ಲಿ ಇದ್ದರೆ ಇಬ್ಬರ ನಡುವಿನ ಮಾತು 100ರಲ್ಲೇ ನಡೆಯುತ್ತದೆ. ಪೆಟ್ಟಿಗೆಯ ಹಿಂಬದಿಯ ಬರಹವನ್ನು ಓದಿದರೆ ಇದು ತಿಳಿಯುತ್ತದೆ. ಇದಕ್ಕೆ ಮದ್ದು ಹೊಸ ಸರ್ವರಲ್ಲ. ಐದು ಪೋರ್ಟಿನ ಒಂದು ಸಣ್ಣ ಗಿಗಾಬಿಟ್ ಸ್ವಿಚ್. ಗಣಕವನ್ನೂ ಸರ್ವರನ್ನೂ ಅದಕ್ಕೆ ಜೋಡಿಸಿ, ಅದರಿಂದ ಒಂದು ಕೇಬಲನ್ನು ರೂಟರಿಗೆ ಕೊಟ್ಟರೆ ಮನೆಯೊಳಗಿನ ಕಡತಗಳು ಸ್ವಿಚ್ಚಿನಲ್ಲಿಯೇ ತಿರುಗಿ ಹೋಗುತ್ತವೆ. ಮೂರನೆಯ ಕಾರಣ ಸರ್ವರಿನದೇ ವಯಸ್ಸು. ಗಿಗಾಬಿಟ್ ಈಥರ್ನೆಟ್ಟನ್ನು ಇಂತಹ ತಾಮ್ರದ ಕೇಬಲಿನಲ್ಲಿ ಸಾಗಿಸುವ ಮಾನಕ 1999ರಲ್ಲಿ ಬಂದಿತಾದರೂ ಆಮೇಲೆಯೂ ಬಹುಕಾಲ ಅಗ್ಗದ ಗಣಕಗಳಲ್ಲಿ 100ರ ಪೋರ್ಟೇ ಇತ್ತು. ಹಳೆಯ ಗಣಕವನ್ನು ಸರ್ವರ್ ಮಾಡಿದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಸಂಪರ್ಕ 1000 ಎಂದು ತೋರಿಸಿಯೂ ವೇಗ ಬಾರದಿದ್ದರೆ ನಾಲ್ಕನೆಯ ಪರೀಕ್ಷೆ ದಾರಿಯನ್ನು ಎರಡು ಭಾಗ ಮಾಡುತ್ತದೆ. 'ಐಪರ್ಫ್3' ಎಂಬ ಉಚಿತ ತಂತ್ರಾಂಶವನ್ನು ಎರಡೂ ಕಡೆ ಹಾಕಿ, ಸರ್ವರಿನಲ್ಲಿ ಅದನ್ನು ಕೇಳುವ ಸ್ಥಿತಿಯಲ್ಲಿಟ್ಟು, ಗಣಕದಿಂದ ಕರೆಯಬೇಕು. ಅದು ಡಿಸ್ಕನ್ನು ಮುಟ್ಟದೆ ಜಾಲವನ್ನು ಮಾತ್ರ ಅಳೆಯುತ್ತದೆ. ಫಲಿತಾಂಶ ಸೆಕೆಂಡಿಗೆ 900 ಮೆಗಾಬಿಟ್ಟಿಗಿಂತ ಹೆಚ್ಚಿದ್ದರೆ ಕೇಬಲ್, ಪೋರ್ಟು, ಸ್ವಿಚ್ಚುಗಳೆಲ್ಲ ನಿರ್ದೋಷಿಗಳು. ಸಂಶಯ ಡಿಸ್ಕಿನ ಕಡೆಗೆ ತಿರುಗಬೇಕು. ಇಲ್ಲಿಯೂ ಸಂಖ್ಯೆ ಕಡಿಮೆಯಿದ್ದರೆ ಡಿಸ್ಕನ್ನು ಬದಲಿಸಿ ಫಲವಿಲ್ಲ; ಕೇಬಲ್, ಪೋರ್ಟುಗಳನ್ನು ಒಂದೊಂದಾಗಿ ಬದಲಿಸುತ್ತ ಬರಬೇಕು. ಎರಡು ದಿಕ್ಕಿನಲ್ಲಿಯೂ ಅಳೆಯಬೇಕು. ಹೋಗುವ ವೇಗ ಚೆನ್ನಾಗಿದ್ದು ಬರುವ ವೇಗ ಕುಂಟುವುದುಂಟು.

ಐದನೆಯ ಪರೀಕ್ಷೆ ಡಿಸ್ಕಿನದು. ವೇಗ 30ರಿಂದ 40 ಮೆಗಾಬೈಟಿನ ನಡುವೆ ನಿಂತಿದ್ದು ಡಿಸ್ಕು ಯು.ಎಸ್.ಬಿ. ಮೂಲಕ ಜೋಡಣೆಯಾಗಿದ್ದರೆ ಅದು ಹಳೆಯ ಯು.ಎಸ್.ಬಿ. 2.0 ಕಿಂಡಿಯಲ್ಲಿದೆ ಎಂದೇ ತಿಳಿಯಬಹುದು. ಆ ಮಾನಕದ ಗರಿಷ್ಠ ವೇಗ 480 ಮೆಗಾಬಿಟ್. ಕೈಗೆ ಸಿಗುವುದು ಇಷ್ಟೇ. 2008ರಲ್ಲಿ ಬಂದ ಯು.ಎಸ್.ಬಿ. 3.0 ಕಿಂಡಿಯೊಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ. ಡಿಸ್ಕಿನ ಕೇಬಲನ್ನು ಅಲ್ಲಿಗೆ ಬದಲಿಸಿದರೆ ಕಾಸು ಖರ್ಚಿಲ್ಲದೆ ವೇಗ ಏರುತ್ತದೆ. ಆ ಕೇಬಲೂ 3.0ರದೇ ಆಗಿರಬೇಕು. ನಕಲು ಮೊದಲು ಚುರುಕಾಗಿ ಹೊರಟು ಸ್ವಲ್ಪ ಹೊತ್ತಿನ ಮೇಲೆ ತೀರ ಕುಸಿದರೆ, ಬರಹದ ಪಟ್ಟೆಗಳನ್ನು ಹಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿಸಿ ಬರೆಯುವ 'ಎಸ್.ಎಂ.ಆರ್.' ಜಾತಿಯ ಡಿಸ್ಕು ಅದಾಗಿರಬಹುದು. ಒಂದು ಹಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಾದಂತೆ, ಇದರಲ್ಲಿ ಒಂದು ಪಟ್ಟೆ ತಿದ್ದಲು ನೆರೆಯ ಪಟ್ಟೆಗಳನ್ನೂ ಮತ್ತೆ ಬರೆಯಬೇಕು. ಹೊಸ ಡಿಸ್ಕು ಕೊಳ್ಳುವಾಗ ಇದು ಯಾವ ಜಾತಿಯದೆಂದು ಕೇಳಿ ತಿಳಿಯುವುದು ಒಳ್ಳೆಯದು. ಡಿಸ್ಕು ಅಂಚಿನವರೆಗೆ ತುಂಬಿದ್ದರೆ, ಅಥವಾ ಸರ್ವರ್ ಅದೇ ಹೊತ್ತಿಗೆ ಸಾವಿರಾರು ಚಿತ್ರಗಳ ಕಿರುಪ್ರತಿ ತಯಾರಿಸುತ್ತಿದ್ದರೆ, ಆಗಲೂ ವೇಗ ಬೀಳುತ್ತದೆ.

ಆದರೆ ಒಂದು ನಿಧಾನಕ್ಕೆ ಕಾದು ನೋಡುವ ಮದ್ದಿಲ್ಲ. ಹಿಂದೆ ಸರಿಯಾಗಿದ್ದ ಡಿಸ್ಕು ಈಗ ಒಂದೆರಡು ಕಡತಗಳಲ್ಲಿ ಮಾತ್ರ ನಿಂತು ನಿಂತು ಓದುತ್ತಿದ್ದರೆ, ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ, ಅದು ಆಲಸ್ಯವಲ್ಲ, ಅಂತ್ಯದ ಸೂಚನೆ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು 'ಸ್ಮಾರ್ಟ್' ಎಂಬ ದಾಖಲೆಯಲ್ಲಿ ಬರೆದಿಡುತ್ತವೆ. ಉಬುಂಟುವಿನ 'ಡಿಸ್ಕ್ಸ್' ತಂತ್ರಾಂಶದಲ್ಲಿ ಅದನ್ನು ಓದಬಹುದು. ಕೆಟ್ಟುಹೋದ ಭಾಗಗಳ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ಎಲ್ಲ ಪರೀಕ್ಷೆಗಳನ್ನೂ ಅಲ್ಲಿಗೇ ನಿಲ್ಲಿಸಬೇಕು. ಮೊದಲು ಬೇರೆ ಡಿಸ್ಕಿಗೆ ನಕಲು, ಅದರಲ್ಲಿಯೂ ಮತ್ತೆ ದೊರೆಯದಂಥವುಗಳ ನಕಲು. ಪಾಠಪುಸ್ತಕವನ್ನು ನಾಳೆ ಮತ್ತೆ ಇಳಿಸಿಕೊಳ್ಳಬಹುದು. ಅಜ್ಜನ ದನಿಯನ್ನು ಇಳಿಸಿಕೊಳ್ಳುವ ತಾಣವಿಲ್ಲ.

ಈ ಐದು ಪರೀಕ್ಷೆಗಳನ್ನು ಮಾಡಲು ಪೇಟೆಯಿಂದ ತಂತ್ರಜ್ಞರನ್ನು ಕರೆಸಬೇಕೆಂದಿಲ್ಲ. ಹೈಸ್ಕೂಲು ಮಕ್ಕಳಿಗೆ ಇದು ಎಟುಕುವ ಕೆಲಸ. ಕೇರಳದಲ್ಲಿ 2001ರಲ್ಲಿ ಆರಂಭವಾಗಿ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ಇಲ್ಲಿನ ಶಾಲೆಗಳಲ್ಲಿ ಗಣಕದ ಕಲಿಕೆ ಲಿನಕ್ಸಿನ ಮೇಲೆ ನಡೆಯುತ್ತದೆ. ಕನ್ನಡ ಮಾಧ್ಯಮದ ಮಗುವಿಗೂ ಉಬುಂಟುವಿನ ಪರದೆ ಹೊಸತಲ್ಲ. ಬೇಕಾದುದು ಒಂದು ನೋಟ್‌ಬುಕ್ಕು. ದಿನಾಂಕ, ಯಾವ ಕಡತ, ಅದರ ಗಾತ್ರ, ಯಾವ ಕೇಬಲ್, ಯಾವ ಪೋರ್ಟು, ಹಿಡಿದ ಸಮಯ, ಬಂದ ವೇಗ, ಬದಲಿಸಿದ್ದು ಏನು ಎಂಬ ಎಂಟು ಕಲಮುಗಳನ್ನು ಎಳೆದು, ಪ್ರತಿ ಪರೀಕ್ಷೆಯನ್ನು ಮೂರು ಬಾರಿ ಮಾಡಿ ಸರಾಸರಿ ಬರೆಯಬೇಕು. ವಿಜ್ಞಾನದ ಪಾಠದಲ್ಲಿ ಕಲಿಸುವ ಪ್ರಯೋಗದ ವಿಧಾನವೂ ಇದೇ: ಒಂದನ್ನು ಬದಲಿಸು, ಉಳಿದುದನ್ನು ಹಾಗೆಯೇ ಇಡು, ಅಳೆ, ಬರೆದಿಡು. ಊಹೆಯನ್ನು ಅಳತೆಯ ಮುಂದೆ ತಂದು ನಿಲ್ಲಿಸುವ ಅಭ್ಯಾಸ ಮನೆಯ ಒಂದು ನಿಜವಾದ ತೊಂದರೆಯ ಮೇಲೆ ಬೆಳೆದರೆ ಅದು ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ. ಕೊನೆಗೆ ಅಂಗಡಿಗೆ ಹೋಗಬೇಕಾಗಿ ಬಂದರೂ, "ಸರ್ವರ್ ಸ್ಲೋ ಇದೆ" ಎಂದು ಹೇಳುವ ಮನೆಗೂ, "ಸಂಪರ್ಕ 1000, ಜಾಲದ ವೇಗ 940, ಡಿಸ್ಕಿನ ವೇಗ ಮಾತ್ರ 35" ಎಂದು ಹೇಳುವ ಮನೆಗೂ ಸಿಗುವ ಉತ್ತರ ಬೇರೆ. ತೆರುವ ಬೆಲೆಯೂ ಬೇರೆ.

ತುಲಾ ಮಾಸದ ಗುಡುಗು ಮಿಂಚಿನ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಮಿಂಚು ಶುರುವಾದಾಗ ಪ್ಲಗ್ಗನ್ನು ಕೀಳುವ ರೂಢಿ ಈ ಕಡೆಯ ಮನೆಗಳಲ್ಲಿದೆ. ಆದರೆ ಮನೆಯ ಹೊರಗೆ ಹಾದುಬಂದ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದಂತೆಯೇ ಉಳಿಯುತ್ತದೆ. ಆಘಾತ ಆ ತಾಮ್ರದ ದಾರಿಯಲ್ಲಿಯೂ ಬರಬಹುದು. ಸರ್ವರನ್ನು ಕ್ರಮಪ್ರಕಾರ ಮುಚ್ಚಿ, ವಿದ್ಯುತ್ತಿನ ಪ್ಲಗ್ಗಿನೊಂದಿಗೆ ಈ ಕೇಬಲನ್ನೂ ತೆಗೆದಿಡಬೇಕು. ಸಿಡಿಲಿನ ರಾತ್ರಿ ಕಳೆದ ಮೇಲೆ ವೇಗ ಇಳಿದಿದ್ದರೆ ಮೊದಲು ನೋಡಬೇಕಾದದ್ದು ಪೋರ್ಟನ್ನೇ.

ವೇಗ ಮರಳಿದ ದಿನ ಮಾಡಬೇಕಾದ ಕೆಲಸವೊಂದಿದೆ. ಸರ್ವರಿನೊಳಗೆ ಎರಡು ಡಿಸ್ಕುಗಳು ಜೋಡಿಯಾಗಿ ಒಂದೇ ಮಾಹಿತಿಯನ್ನು ಹೊತ್ತಿದ್ದರೂ ಅದು ಮೀಸಲು ಪ್ರತಿಯಲ್ಲ. ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲಿಯೂ ಅಳಿಯುತ್ತದೆ, ಒಂದೇ ಸಿಡಿಲಿಗೆ ಎರಡೂ ಸುಡಬಹುದು. ಹೊರಗಿನ ಡಿಸ್ಕೊಂದಕ್ಕೆ ಎಲ್ಲವನ್ನೂ ನಕಲಿಸಿ, ಅದನ್ನು ಮನೆಯಿಂದ ಬೇರೆಡೆ, ಅಣ್ಣನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಇಡಬೇಕು. ಇಡುವ ಮುನ್ನ ಅದರಿಂದ ಒಂದು ಕಡತವನ್ನು ತೆರೆದು, ಪೂರ್ತಿ ಕೇಳಿ ನೋಡಬೇಕು. 40 ಕೂಟಗಳ ಆ 200 ಗಿಗಾಬೈಟು ಈಗ ಅರ್ಧ ಗಂಟೆಯಲ್ಲಿ ಸರ್ವರಿನಿಂದ ಗಣಕಕ್ಕೆ ಬರುತ್ತದೆ. ಅಲ್ಲಿಂದ ಹೊರಗಿನ ಡಿಸ್ಕಿಗೆ ಇಳಿಸಲು ಒಂದು ಮಧ್ಯಾಹ್ನ ಧಾರಾಳ ಸಾಕು.